ಬರಹಗಾರರಿಗೆ ಸಲಹೆ: ಎಷ್ಟು ಜನರಲ್ಲಿ ಎಷ್ಟು ಮಂದಿ?

ಆತ್ಮೀಯರೇ,

‘ಸ್ಟಾರುಗಳು ಬೇಕಿಲ್ಲ, ಕೆಚ್ಚು ಸಾಕು’ ಎಂಬ ನಿಮ್ಮ ಲೇಖನ ಕೈಸೇರಿತು. ಅಮೆರಿಕದ ಕಾಲೇಜು ಫುಟ್‌ಬಾಲಿಗೆ ಬರುವ ಹೈಸ್ಕೂಲು ಹುಡುಗರಿಗೆ ರೈವಲ್ಸ್, 247ಸ್ಪೋರ್ಟ್ಸ್ ಮೊದಲಾದ ಸಂಸ್ಥೆಗಳು ಪ್ರತಿಭೆಯನ್ನು ಅಳೆದು ಕೊಡುವ (ಹೆಚ್ಚೆಂದರೆ ಐದು) ಸ್ಟಾರುಗಳಿಗೂ ತಂಡದ ಗೆಲುವಿಗೂ ಸಂಬಂಧವಿಲ್ಲವೆಂಬುದು ನಿಮ್ಮ ವಾದ. ಫೋರ್ಟ್ ವರ್ತ್‌ನಲ್ಲಿ ನೆಲೆಸಿ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ತಂಡದ ಆಟವನ್ನು ಕಣ್ಣಾರೆ ಕಂಡವರ ಉತ್ಸಾಹ ಬರಹದಲ್ಲಿದೆ, ಭಾಷೆ ಅಚ್ಚುಕಟ್ಟಾಗಿದೆ, ಆಟದ ನಿಯಮಗಳ ಗಂಧವಿಲ್ಲದ ಓದುಗರಿಗೂ ಅರ್ಥವಾಗುವಂತೆ ಬರೆದಿದ್ದೀರಿ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಅದರ ಎರಡನೆಯ ಪುಟ ನನಗೆ ಸಿಟ್ಟು ತರಿಸಿತು. ಏಕೆಂದು ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್ ಕುರಿತು ಆ ಪುಟದ ಮೊದಲ ವಾಕ್ಯ ಹೀಗಿದೆ: “ಎನ್‌ಎಫ್‌ಎಲ್‌ನ ಬಹುಪಾಲು ಆಟಗಾರರು ಮೂರು ಅಥವಾ ಅದಕ್ಕಿಂತ ಕಡಿಮೆ ಸ್ಟಾರಿನವರು, ಹಾಗಾಗಿ ಸ್ಟಾರು ಎನ್ನುವುದು ಬರೀ ಬೊಗಳೆ.” ಮೊದಲರ್ಧ ನಿಜ. ಆದರೆ ‘ಹಾಗಾಗಿ’ ಎಂದು ಬರೆಯುವ ಅಧಿಕಾರವನ್ನು ನೀವು ಸಂಪಾದಿಸಿಲ್ಲ. ವರ್ಷವೊಂದಕ್ಕೆ ಐದು ಸ್ಟಾರು ಪಡೆಯುವ ಹುಡುಗರು 30ರ ಆಸುಪಾಸಿನಲ್ಲಿರುತ್ತಾರೆ. ನಾಲ್ಕು ಸ್ಟಾರಿನವರು ಕೆಲವು ನೂರು. ಮೂರು ಮತ್ತು ಅದಕ್ಕಿಂತ ಕೆಳಗಿನವರು ಸಾವಿರಗಟ್ಟಲೆ. ಸಾವಿರಗಟ್ಟಲೆ ಜನರಿರುವ ಗುಂಪಿನಿಂದ ಹೆಚ್ಚು ಮಂದಿ ಬಂದರೆ ಅದರಲ್ಲಿ ಅಚ್ಚರಿಯೇನಿದೆ? ಕೇಳಬೇಕಾದದ್ದು ಯಾವ ಗುಂಪಿನಿಂದ ಎಷ್ಟು ಪಾಲು ಮಂದಿ ಮೇಲೇರಿದರು ಎಂಬುದನ್ನು, ಮತ್ತು ಆ ಲೆಕ್ಕದಲ್ಲಿ ಐದು ಸ್ಟಾರಿನವರು ಮೂರು ಸ್ಟಾರಿನವರಿಗಿಂತ ಹಲವು ಪಟ್ಟು ಮುಂದಿದ್ದಾರೆ. ನಮ್ಮ ರಾಜ್ಯದಲ್ಲಿ ಕೆಲಸದಲ್ಲಿರುವ ಎಂಜಿನಿಯರುಗಳಲ್ಲಿ ಬಹುತೇಕರು ರ‍್ಯಾಂಕ್ ಬಂದವರಲ್ಲ. ಅಷ್ಟಕ್ಕೇ ರ‍್ಯಾಂಕಿಗೆ ಬೆಲೆಯಿಲ್ಲವೆಂದು ನೀವು ಬರೆಯುತ್ತಿದ್ದಿರೇ?

ಮುಂದಿನ ಸಾಲುಗಳಲ್ಲಿ ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಿದ ಜೆ.ಜೆ. ವಾಟ್ ಮತ್ತು ಜಾಷ್ ಆ್ಯಲನ್ ಬರುತ್ತಾರೆ. ಎರಡು ಸ್ಟಾರಿನ ಹುಡುಗನಾಗಿದ್ದ ವಾಟ್, ಸೆಂಟ್ರಲ್ ಮಿಶಿಗನ್ ಕಾಲೇಜು ಬಿಟ್ಟು ಸ್ಕಾಲರ್‌ಶಿಪ್ಪಿಲ್ಲದೆ ವಿಸ್ಕಾನ್ಸಿನ್ ಸೇರಿದ್ದು, ಹೈಸ್ಕೂಲು ಮುಗಿಸಿದ ಆ್ಯಲನ್ನನನ್ನು ಯಾವ ದೊಡ್ಡ ಕಾಲೇಜೂ ಕರೆಯದಿದ್ದದ್ದು ಎರಡೂ ನಿಜ, ಎರಡೂ ಓದಲು ಸೊಗಸು. ಆದರೆ ಇವೆರಡು ಕತೆಗಳ ಮೇಲೆ ಒಂದು ಸಿದ್ಧಾಂತವನ್ನು ನಿಲ್ಲಿಸಲಾಗದು.

ಇಲ್ಲಿ ನನ್ನ ಉಮೇದುವಾರಿಕೆಯ ದಿನಗಳನ್ನು ನೆನೆಯದಿರಲಾರೆ. ದಿನಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ನಾನು ಕಲಿಯುತ್ತಿದ್ದಾಗ ಅಲ್ಲಿನ ಮುಖ್ಯ ಉಪಸಂಪಾದಕರು ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದನ್ನು ಇಟ್ಟಿದ್ದರು. ರಾಜ್ಯದ ಕಿರಿಯರ ಕ್ರಿಕೆಟ್ ತಂಡಗಳಿಗೆ ಆಯ್ಕೆಯಾದ ಪ್ರತಿ ಹುಡುಗನ ಹೆಸರು, ವರ್ಷ, ಮುಂದೆ ಅವನು ಎಲ್ಲಿಯವರೆಗೆ ಆಡಿದನೆಂಬ ವಿವರ ಅದರಲ್ಲಿರುತ್ತಿತ್ತು. ಬರೆದಿಡುವ ಕೆಲಸ ನಮ್ಮಂಥ ಹೊಸಬರದು. ‘ಅಂದು ಆಯ್ಕೆಗಾರರು ಕೈಬಿಟ್ಟ ಹುಡುಗ ಇಂದು ರಣಜಿ ಆಟಗಾರ’ ಎಂಬ ಧಾಟಿಯ ವರದಿ ಬಂದರೆ ಅವರು ತಡೆಯುತ್ತಿರಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಧಾರಾಳವಾಗಿ ಬರೀರಿ, ಆದರೆ ಆ ವರ್ಷ ಆಯ್ಕೆಯಾದವರಲ್ಲಿ ರಣಜಿ ಆಡಿದವರು ಎಷ್ಟು ಮಂದಿ, ಕೈಬಿಟ್ಟವರಲ್ಲಿ ಎಷ್ಟು ಮಂದಿ, ಅದನ್ನೂ ಬರೀರಿ” ಎನ್ನುತ್ತಿದ್ದರು. ವಿಭಾಗದಲ್ಲಿ ಆ ಪುಸ್ತಕವನ್ನು ಪ್ರೀತಿಸಿದವರು ಯಾರೂ ಇರಲಿಲ್ಲ, ನಾನಂತೂ ಅಲ್ಲ. ಆದರೆ ಅದನ್ನು ತೆರೆದು ನೋಡಿದ ಮೇಲೆ ಬರೆದ ವರದಿಗಳ ಬಗ್ಗೆ ಓದುಗರಿಂದ ತಕರಾರಿನ ಪತ್ರ ಬಂದದ್ದು ನನಗೆ ನೆನಪಿಲ್ಲ.

ನನ್ನನ್ನು ಇನ್ನಷ್ಟು ಕೆರಳಿಸಿದ್ದು ನೀವು ಹೇಳದೆ ಬಿಟ್ಟ ವಿಷಯಗಳು. “ಸ್ಕಾಲರ್‌ಶಿಪ್ಪಿಲ್ಲದೆ ಬಂದ ಸ್ಟೆಟ್ಸನ್ ಬೆನೆಟ್ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಎರಡು ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟ” ಎಂದಿದ್ದೀರಿ. ಗೆದ್ದದ್ದು ನಿಜ, 2021 ಮತ್ತು 2022ರ ಋತುಗಳಲ್ಲಿ. ಆದರೆ ಅವನ ಸುತ್ತ ಯಾರಿದ್ದರು? ಆ ಮೊದಲ ಪಟ್ಟದ ತಂಡದ ರಕ್ಷಣಾ ಪಡೆಯಿಂದಲೇ ಐವರು 2022ರ ಡ್ರಾಫ್ಟಿನ (ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಮೊದಲ ಸುತ್ತಿನಲ್ಲಿ ಆಯ್ಕೆಯಾದರು. ಇಡೀ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಹೋದ ಟ್ರಾವಾನ್ ವಾಕರ್ ಅವರಲ್ಲೊಬ್ಬ. ದೇಶದಲ್ಲೇ ಅತಿ ಹೆಚ್ಚು ಸ್ಟಾರುಗಳನ್ನು ಕೂಡಿಹಾಕಿದ ತಂಡಗಳಲ್ಲಿ ಒಂದನ್ನು ಸ್ಟಾರು ಬೇಡವೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದೀರಿ.

ಇನ್ನು ನಿಮ್ಮ ಟಿಸಿಯು. 2022ರ ಕೊನೆಯ ದಿನ ಅದು ಮಿಶಿಗನ್ ತಂಡವನ್ನು 51–45ರಿಂದ ಸೋಲಿಸಿದ್ದನ್ನು ಒಂದು ಪುಟ ವರ್ಣಿಸಿದ್ದೀರಿ, ಅದು ಆ ಗೆಲುವಿಗೆ ತಕ್ಕದ್ದೇ. ಅನಂತರ “ಫೈನಲ್‌ನಲ್ಲಿ ಅದೃಷ್ಟ ಕೈಕೊಟ್ಟಿತು” ಎಂಬ ಒಂದೇ ಸಾಲು. ಆ ಫೈನಲ್‌ನಲ್ಲಿ ಜಾರ್ಜಿಯಾ 65, ಟಿಸಿಯು 7. ಐವತ್ತೆಂಟು ಅಂಕಗಳ ಸೋಲನ್ನು ಅದೃಷ್ಟದ ತಲೆಗೆ ಕಟ್ಟಿ, ಅಂಕಗಳನ್ನು ಓದುಗರಿಂದ ಮುಚ್ಚಿಡುವುದನ್ನು ಅಭಿಮಾನಿಯಲ್ಲಿ ಕ್ಷಮಿಸಬಹುದು, ಲೇಖಕರಲ್ಲಿ ಕ್ಷಮಿಸಲಾಗದು. ನಿಜವಾಗಿ ಬರೆಯಬೇಕಿದ್ದ ವಿಷಯ ಆ ಸೋಲಿನಲ್ಲೇ ಇದೆ. ಟಿಸಿಯುವಿನಂತೆಯೇ ಸ್ಟಾರು ಕಡಿಮೆಯಿದ್ದ ತಂಡಗಳನ್ನು ನೋಡಿ: 2015ರ ಋತುವಿನ ಮಿಶಿಗನ್ ಸ್ಟೇಟ್ ಸೆಮಿಫೈನಲ್‌ನಲ್ಲಿ ಅಲಬಾಮಾಕ್ಕೆ 38–0ರಿಂದ ಸೋತಿತು, 2021ರ ಸಿನ್ಸಿನಾಟಿ ಅದೇ ಅಲಬಾಮಾಕ್ಕೆ 27–6ರಿಂದ. ಸ್ಟಾರು ಕಡಿಮೆಯಿರುವ ತಂಡವೂ ಚೆನ್ನಾಗಿ ಆಡಿದ ದಿನ ಯಾರನ್ನಾದರೂ ಸೋಲಿಸಬಲ್ಲದು. ಆದರೆ ಪಟ್ಟಕ್ಕೆ ದೈತ್ಯ ತಂಡಗಳನ್ನು ಬೆನ್ನುಬೆನ್ನಿಗೆ ಎದುರಿಸಬೇಕು, ಮತ್ತು ಆ ಹೊತ್ತಿಗೆ ಗಾಯಗೊಂಡವರ ಜಾಗಕ್ಕೆ ಬರುವವನೂ ಬಹುಮಟ್ಟಿಗೆ ಅಷ್ಟೇ ಸಮರ್ಥನಾಗಿರಬೇಕು. ಬ್ಯಾಸ್ಕೆಟ್‌ಬಾಲಿನಂತೆ ಐವರಲ್ಲೊಬ್ಬ ಪ್ರತಿಭಾವಂತ ಆಟವನ್ನು ತಿರುಗಿಸುವ ಕ್ರೀಡೆ ಇದಲ್ಲ. ಒಬ್ಬ ಐದು ಸ್ಟಾರಿನವನಿಂದ ಹೆಚ್ಚೇನೂ ಆಗದು, ನಲವತ್ತು ಮಂದಿ ನಾಲ್ಕು ಸ್ಟಾರಿನವರಿಂದ ಆಗುತ್ತದೆ. ಪತ್ರಕರ್ತ ಬಡ್ ಎಲಿಯಟ್ ಅವರ ‘ಬ್ಲೂ ಚಿಪ್’ ಲೆಕ್ಕ ಹೇಳುವುದೂ ಇದನ್ನೇ. ನಾಲ್ಕು ವರ್ಷಗಳಲ್ಲಿ ಸೇರಿಸಿಕೊಂಡ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು ಅಥವಾ ಐದು ಸ್ಟಾರಿನವರಾಗಿರಬೇಕೆಂಬ ಆ ಗೆರೆಯನ್ನು 2011ರಿಂದ 2024ರವರೆಗಿನ ಋತುಗಳಲ್ಲಿ ಪಟ್ಟ ಗೆದ್ದ ಎಲ್ಲ ತಂಡಗಳೂ ದಾಟಿದ್ದವು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಟೆಕ್ಸಸ್ ಎ ಆ್ಯಂಡ್ ಎಂ ಕುರಿತ ಪರಿಚ್ಛೇದವನ್ನು ಮಾತ್ರ ಮುಟ್ಟಬೇಡಿ. 2022ರಲ್ಲಿ ದೇಶದ ಮೊದಲ ಸ್ಥಾನದ ಹುಡುಗರ ಗುಂಪನ್ನು ಕಲೆಹಾಕಿದ ಆ ತಂಡ ಅದೇ ಋತುವಿನಲ್ಲಿ ತವರಿನಲ್ಲೇ ಅಪಲಾಚಿಯನ್ ಸ್ಟೇಟ್‌ಗೆ ಸೋತು, ಐದು ಗೆಲುವು, ಏಳು ಸೋಲಿನೊಂದಿಗೆ ಆಟ ಮುಗಿಸಿತು. ಮರುವರ್ಷ ಕೋಚ್ ಜಿಂಬೋ ಫಿಶರ್ ಅವರನ್ನು ಏಳೂವರೆ ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರದೊಂದಿಗೆ ಕಳಿಸಿಕೊಟ್ಟಿತು. ನಿಮ್ಮ ವಾದಕ್ಕೆ ಸಿಗಬಹುದಾದ ಗಟ್ಟಿ ಸಾಕ್ಷಿ ಇದೇ. ಆದರೆ ಸ್ಟಾರುಗಳಷ್ಟೇ ಸಾಲವು ಎಂಬಲ್ಲಿಗೆ ಮಾತ್ರ ಅದು ನಿಮ್ಮನ್ನು ಕರೆದೊಯ್ಯುತ್ತದೆ. ಆ ಹುಡುಗರು ಆಗಿನ್ನೂ ಮೊದಲ ವರ್ಷದವರು, ಅವರಲ್ಲಿ ಹಲವರು ಬಳಿಕ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ಪಟ್ಟಿ) ಮೂಲಕ ಬೇರೆ ಕಾಲೇಜು ಸೇರಿದರು ಎಂಬುದನ್ನು ಎರಡು ವಾಕ್ಯಗಳಲ್ಲಿ ಸೇರಿಸಿ.

ಆ ಪೋರ್ಟಲ್ಲನ್ನೇ ಹಿಡಿದು ಮುಂದುವರಿಯಿರಿ ಎಂಬುದು ನನ್ನ ಕೋರಿಕೆ. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ, ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಹಳೆಯ ಜೇಮ್ಸ್ ಮ್ಯಾಡಿಸನ್ ತಂಡದಿಂದ ಹಲವರನ್ನು ಕರೆತಂದ ಮೇಲೆ, 2024ರಲ್ಲಿ ಹನ್ನೊಂದು ಗೆದ್ದಿತು. ಹದಿನೇಳರ ಹುಡುಗನಿಗೆ ಕೊಟ್ಟ ಸ್ಟಾರಿಗಿಂತ ಇಪ್ಪತ್ತೆರಡರ ಆಟಗಾರನ ಆಟವನ್ನು ನೋಡಿ ಕರೆತರುವುದು ಲಾಭದ್ದಾಗುತ್ತಿದೆಯೇ ಎಂಬ ಪ್ರಶ್ನೆ ನಿಮ್ಮ ಶೀರ್ಷಿಕೆಗಿಂತ ಹೊಸದು. ಬೆನೆಟ್ ಪರಿಚ್ಛೇದವನ್ನು ತೆಗೆದುಹಾಕಿ, 65–7 ಎಂಬುದನ್ನು ಅಂಕಿಗಳಲ್ಲೇ ಬರೆದು, ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.