ಶಾಂಪೇನ್ ನೆಲಮಾಳಿಗೆ ಭೇಟಿಗೆ ಸ್ಲಾಟ್ ಸಿಗದಿದ್ದರೆ
ಫ್ರಾನ್ಸ್‌ನ ರೀಮ್ಸ್ ಊರಿನಲ್ಲಿರುವ ಶಾಂಪೇನ್ ಕಂಪನಿ ಪೊಮೆರಿಯ ನೆಲಮಾಳಿಗೆ ನೋಡಲು ನಾಲ್ಕು ಜನಕ್ಕೆ ಶನಿವಾರದ ಸ್ಲಾಟೇ ತೋರಿಸುತ್ತಿಲ್ಲ ಅಂದಿದ್ದೀರಿ. ಬಹುಶಃ ಇಂಗ್ಲಿಷ್ ಗೈಡ್ ಇರುವ ಗುಂಪುಗಳನ್ನಷ್ಟೇ ಹುಡುಕುತ್ತಿದ್ದೀರಿ. ವಾರಾಂತ್ಯದಲ್ಲಿ ಅವು ಬೇಗ ತುಂಬಿಬಿಡುತ್ತವೆ. ನನಗೂ ಹೀಗೇ ಆಗಿತ್ತು.

ಮೊದಲು ಇಬ್ಬಿಬ್ಬರಂತೆ ಎರಡು ಸಲ ಹುಡುಕಿ ನೋಡಿ. ಸಿಗದಿದ್ದರೆ ವಾರದ ದಿನ ಬೆಳಗ್ಗೆ ನೋಡಿ, ಅಥವಾ ಫ್ರೆಂಚ್ ಗುಂಪನ್ನೇ ತೆಗೆದುಕೊಳ್ಳಿ. ಸ್ಲಾಟ್ ಖಚಿತವಾದ ಮೇಲೆಯೇ ರೈಲು ಟಿಕೆಟ್. ಪ್ಯಾರಿಸ್‌ನ ಗಾರ್ ದ ಲೆಸ್ತ್ ನಿಲ್ದಾಣದಿಂದ ರೀಮ್ಸ್‌ಗೆ ನೇರ ಟಿಜಿವಿಯಲ್ಲಿ (ಅತಿವೇಗದ ರೈಲು) ಸುಮಾರು 45 ನಿಮಿಷ. ಟಿಕೆಟ್‌ನಲ್ಲಿ 'ಶಾಂಪೇನ್-ಆರ್ದೆನ್ ಟಿಜಿವಿ' ಅಂತಿದ್ದರೆ ಅದು ಊರಾಚೆಯ ನಿಲ್ದಾಣ, ಅಲ್ಲಿಂದ ಟ್ರ್ಯಾಮ್ ಹಿಡಿಯಬೇಕು. ರೈಲಿನ ಘೋಷಣೆಯಲ್ಲಿ ಊರಿನ ಹೆಸರು 'ರ್ಯಾಂಸ್' ಎಂದು ಕೇಳಿಸುತ್ತದೆ, ಗಮನವಿರಲಿ.

ನಿಮ್ಮ ತಂದೆಯವರ ಮಂಡಿನೋವಿನ ವಿಷಯ ನಿಜಕ್ಕೂ ಯೋಚಿಸಬೇಕಾದದ್ದು. ಪೊಮೆರಿಯಲ್ಲಿ 116 ಮೆಟ್ಟಿಲು ಇಳಿದು, ಮತ್ತೆ ಹತ್ತಬೇಕು. ಲಿಫ್ಟ್ ಸೌಲಭ್ಯದ ಬಗ್ಗೆ ಬುಕ್ ಮಾಡುವ ಮುನ್ನವೇ ಇಮೇಲ್‌ನಲ್ಲಿ ಕೇಳಿಬಿಡಿ. ಕೆಳಗೆ ಬೇಸಿಗೆಯಲ್ಲೂ 10 ಡಿಗ್ರಿ ಆಸುಪಾಸು, ಎಲ್ಲರಿಗೂ ಸ್ವೆಟರ್ ಇರಲಿ. ರೋಮನ್ನರ ಕಾಲದ ಕಲ್ಲುಗಣಿಗಳವು. ಗೋಡೆ ಮುಟ್ಟಿದರೆ ಒದ್ದೆ ಸೀಮೆಸುಣ್ಣದ ಹಾಗೆ ಬೆರಳಿಗೆ ಬಿಳಿ ಅಂಟುತ್ತದೆ. ಅದನ್ನು ನೋಡದೆ ಬರಬೇಡಿ.

ಪೊಮೆರಿಯಲ್ಲಿ ಏನೂ ಸಿಗದಿದ್ದರೆ ಶಾಂಪೇನ್‌ನದೇ ಇನ್ನೊಂದು ಊರು ಎಪೆರ್ನೆಗೆ ಹೋಗಿ, ರೀಮ್ಸ್‌ನಿಂದ ಲೋಕಲ್ ರೈಲಿದೆ. ಮೊಯೆಟ್ ಎ ಶಾಂದೋನ್ ಎಂಬ ಶಾಂಪೇನ್ ಕಂಪನಿಯ ನೆಲಮಾಳಿಗೆ ಎಪೆರ್ನೆಯಲ್ಲೇ ಇದೆ, 28 ಕಿ.ಮೀ. ಉದ್ದದ್ದು. ಅಲ್ಲಿಗೂ ಮೊದಲೇ ಬುಕ್ ಮಾಡಿಕೊಂಡೇ ಹೊರಡಿ.