256 ಬಿಟ್ ಕೀ ಇದ್ದರೂ ದುರ್ಬಲವೇ?

ಪ್ರಶ್ನೆ: ಫೋಟೋ, ಪಾಸ್‌ವರ್ಡ್‌ಗಳನ್ನು ಭದ್ರವಾಗಿಡುವ ಸೆಕ್ಯುರಿಟಿ ಆ್ಯಪ್ ಬಳಸುತ್ತಿದ್ದೇನೆ. 256 ಬಿಟ್ ಎನ್‌ಕ್ರಿಪ್ಷನ್ ಇದೆ ಅಂತ ಅವರೇ ಹೇಳಿಕೊಂಡಿದ್ದರು. ಈಗ ನೋಡಿದರೆ, ಕೀ ತಯಾರಿಯಲ್ಲಿ ದೋಷವಿತ್ತು, ಅಪ್‌ಡೇಟ್ ಮಾಡಿ ಎಂದು ಸೂಚನೆ ಬಂದಿದೆ. ಇಷ್ಟು ದೊಡ್ಡ ಕೀ ದುರ್ಬಲ ಆಗೋದು ಹೇಗೆ? ಅಪ್‌ಡೇಟ್ ಮಾಡಿದರೆ ಸಾಕಾ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬಹುಶಃ ಸಾಲದು.

ಕೀ ಅಂದರೆ ನಿಮ್ಮ ಫೈಲುಗಳನ್ನು ಬೇರೆಯವರು ಓದದಂತೆ ಮುಚ್ಚುವ, ಮತ್ತೆ ತೆರೆಯುವ ಗುಟ್ಟಿನ ಸಂಖ್ಯೆ. 256 ಬಿಟ್ ಅಂದರೆ ಅದು ಎಷ್ಟು ಉದ್ದ ಅನ್ನುವುದು ಮಾತ್ರ. ಅದನ್ನು ಯಾವುದರಿಂದ ತಯಾರಿಸಿದರು ಅಂತ ಜಾಹೀರಾತು ಹೇಳುವುದಿಲ್ಲ. ಆ್ಯಪ್ ನಿಮ್ಮ ಫೋನಿನ ಐಎಂಇಐ ನಂಬರಿನಿಂದ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕೀ ತಯಾರಿಸುತ್ತದೆ ಅಂದುಕೊಳ್ಳಿ. ಐಎಂಇಐನಲ್ಲಿ ಇರುವುದು 15 ಅಂಕಿ. ಮೊದಲ 8 ಅಂಕಿ ಫೋನಿನ ಮಾಡೆಲ್‌ಗೆ ಸಂಬಂಧಿಸಿದ್ದು. ಕೊನೆಯದು ಉಳಿದವನ್ನು ತಾಳೆ ನೋಡುವ ಅಂಕಿ. ನಡುವೆ ಉಳಿಯುವುದು 6. ಮೊದಲ 8 ಗೊತ್ತಿದ್ದವರು 10 ಲಕ್ಷ ಸಲ ಊಹಿಸಿದರೆ ಸಾಕು. ಕಂಪ್ಯೂಟರ್‌ಗೆ ಇದೇನು ದೊಡ್ಡ ಕೆಲಸ ಅಲ್ಲ. ನಾಲ್ಕಂಕಿ ಪಿನ್‌ನಿಂದಲೇ ನೇರವಾಗಿ ಮಾಡಿದ್ದರಂತೂ ಬರೀ 10,000! ಅದಕ್ಕೇ ಒಳ್ಳೆಯ ಆ್ಯಪ್‌ಗಳು ಫೋನಿನ ಚಿಪ್‌ನೊಳಗೆ ಅಡಗಿರುವ ಕೀಯ ನೆರವು ಪಡೆಯುತ್ತವೆ, ಪಿನ್ ಪರೀಕ್ಷೆಯನ್ನು ಬೇಕೆಂದೇ ನಿಧಾನ ಮಾಡುತ್ತವೆ.

ಇನ್ನು ರ‍್ಯಾಂಡಮ್ ಸಂಖ್ಯೆಯಿಂದ, ಅಂದರೆ ಯಾರೂ ಊಹಿಸಲಾಗದ ಸಂಖ್ಯೆಯಿಂದ, ಕೀ ಮಾಡುವುದು. ದಾರಿ ಸರಿಯೇ, ಆದರೆ ಇಲ್ಲಿ ದೊಡ್ಡವರೂ ಎಡವಿದ್ದಾರೆ. 2006ರಲ್ಲಿ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನವರು, ಕೀ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರಿನ ಕೋಡ್‌ನಲ್ಲಿ ಮಾಡಿದ ಸಣ್ಣ ಬದಲಾವಣೆಯಿಂದ, ಒಂದೊಂದು ಅಳತೆಯ ಕೀಯಲ್ಲೂ ಸುಮಾರು 32,000 ಬಗೆ ಮಾತ್ರ ಹುಟ್ಟುವಂತಾಯಿತು. ಗೊತ್ತಾಗಿದ್ದು 2008ರಲ್ಲಿ. ಅಷ್ಟು ದಿನ ಹೇಗೆ ಕಣ್ಣಿಗೆ ಬೀಳಲಿಲ್ಲ? ಕೆಟ್ಟ ಕೀಯೂ ನೋಡೋಕೆ ಒಳ್ಳೆಯದರ ಹಾಗೇ ಇರುತ್ತದೆ, ಕೆಲಸವನ್ನೂ ಸರಿಯಾಗಿಯೇ ಮಾಡುತ್ತದೆ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನಲ್ಲೇ ಇಂಥ ದೋಷ ಬಯಲಾಯಿತು. ಅಷ್ಟರಲ್ಲಿ ಕೆಲವರ ಬಿಟ್‌ಕಾಯಿನ್ ಕಳುವಾಗಿತ್ತು.

ಎರಡೂ ಸಲ ಸಾಫ್ಟ್‌ವೇರ್ ಸರಿ ಮಾಡಿದ್ದು ಸಾಕಾಗಲಿಲ್ಲ, ಹಳೆಯ ಕೀ ಬಿಟ್ಟು ಹೊಸದು ಮಾಡಿಕೊಳ್ಳಬೇಕಾಯಿತು. ನಿಮ್ಮ ಕತೆಯೂ ಅದೇ. ಹಳೆಯ ಕೀಯಿಂದ ಮುಚ್ಚಿದ ಫೈಲುಗಳು ಅಪ್‌ಡೇಟ್ ಆದ ಮೇಲೂ ಹಾಗೇ ಉಳಿದಿರಬಹುದು. ಸುಮ್ನೆ ಪಿನ್ ಬದಲಿಸಿ ನೆಮ್ಮದಿಯಾಗಿರಬೇಡಿ. ಎಷ್ಟೋ ಆ್ಯಪ್‌ಗಳಲ್ಲಿ ಪಿನ್ ಇರುವುದು ಒಳಗಿನ ಮುಖ್ಯ ಕೀಯನ್ನು ಕಾಯುವುದಕ್ಕೆ. ಪಿನ್ ಬದಲಾದರೂ ಆ ಕೀ ಬದಲಾಗುವುದಿಲ್ಲ.

ಅಪ್‌ಡೇಟ್ ಹಾಕಿ. ಹಳೆಯ ಫೈಲುಗಳನ್ನು ಹೊಸ ಕೀಯಿಂದ ಮತ್ತೆ ಎನ್‌ಕ್ರಿಪ್ಟ್ ಮಾಡುತ್ತೇವೆ ಎಂದು ಕಂಪನಿ ಸ್ಪಷ್ಟವಾಗಿ ಬರೆದಿದೆಯಾ ನೋಡಿ. ಬರೆದಿಲ್ಲವಾದರೆ ಫೈಲುಗಳನ್ನು ಹೊರಗೆ ತೆಗೆದು, ಆ್ಯಪ್‌ನ ಡೇಟಾ ಪೂರ್ತಿ ಅಳಿಸಿ, ಹೊಸದಾಗಿ ಶುರು ಮಾಡಿ ಒಳಗಿಡಿ. ಆಮೇಲೆ ಹೊರಗೆ ಉಳಿದ ನಕಲುಗಳನ್ನು ಅಳಿಸಿ. ಕ್ಲೌಡ್‌ನಲ್ಲಿರುವ ಹಳೆಯ ಬ್ಯಾಕಪ್ ಜಾಸ್ತಿ ಜನ ಮರೆಯುತ್ತಾರೆ, ಅದನ್ನೂ ತೆಗೆಯಿರಿ. ಆದರೆ ಆ ಬ್ಯಾಕಪ್ಪಿನ ಪ್ರತಿ ಈಗಾಗಲೇ ಯಾರದಾದರೂ ಕೈ ಸೇರಿದ್ದರೆ ಅದನ್ನು ವಾಪಸ್ ತರಲಾಗದು ಅಲ್ವಾ? ಹಾಗಾಗಿ ಆ್ಯಪ್‌ನಲ್ಲಿಟ್ಟಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ಬ್ಯಾಂಕ್ ಮತ್ತು ಇಮೇಲ್‌ನದು ಇವತ್ತೇ ಆಗಲಿ.