ಎಕ್ಸಾಸ್ಟ್ ಬ್ರೇಕ್ ಹಾಕಿಸಿದರೆ ಟ್ರಾಲಿ ಕಟ್ಟಿಕೊಂಡು ಘಾಟಿ ಇಳಿಯಬಹುದಾ?

ಹೊಳಲ್ಕೆರೆಯಿಂದ ಡೀಸೆಲ್ ಪಿಕಪ್, ಹಿಂದೆ ಎರಡು ಟನ್ನಿನ ಜನರೇಟರ್ ಟ್ರಾಲಿ, ಮದುವೆ ಆರ್ಡರಿಗೆ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ. ಎಕ್ಸಾಸ್ಟ್ ಬ್ರೇಕ್, ಅಂದರೆ ಇಂಜಿನ್ನಿನಿಂದಲೇ ಗಾಡಿ ತಡೆಯುವ ಸಾಮಾನು, ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಎಡಗಾಲು ಜುಂ ಅಂತು.

ನಾನು ದುರ್ಗದವನು. ಹತ್ತು ವರ್ಷ ಕ್ವಾರಿ ಕೆಲಸಕ್ಕೆ ಸ್ವಂತ ಲಾರಿ ಓಡಿಸಿದೆ, ಹಿಂದೆ ಬಾಡಿಗೆ ಕಂಪ್ರೆಸರ್ ಕಟ್ಟಿಕೊಂಡು. ಬಂಡೆ ಕೊರೆಯುವುದಕ್ಕೆ ಗಾಳಿ ಕೊಡುವ ಮಿಷನ್ನು ಅದು. ಟ್ರಾಲಿ ಸೇರಿ ಮೂರೂವರೆ ಟನ್. ಕರಾವಳಿಯಲ್ಲಿ 66ನೇ ಹೆದ್ದಾರಿ ಅಗಲ ಮಾಡುವ ಕೆಲಸ ಜೋರಾಗಿದ್ದ ಕಾಲ. ಅಂಕೋಲಾ ಹತ್ತಿರದ ಕ್ವಾರಿಗೆ ಆರ್ಡರ್ ಬಂತು. ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟಿ. ಕ್ಲೀನರ್ ಆಗಿ ಬಂದವನು ನಮ್ಮ ಅಕ್ಕನ ಮಗ.

ನಮ್ಮ ಲಾರಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಕಂಪನಿಯಿಂದಲೇ ಬಂದಿತ್ತು. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲೇಟರ್ ಬಿಟ್ಟರೆ ಗಾಳಿ ಒಳಗೆ ಬರುವ ಬಾಯಿ, ಅಂದರೆ ಥ್ರಾಟಲ್, ಮುಚ್ಚುತ್ತದೆ, ಗಾಳಿ ಎಳೆಯುವುದಕ್ಕೇ ಇಂಜಿನ್ ಒದ್ದಾಡುತ್ತದೆ, ಗಾಡಿ ತಡೆಯುತ್ತದೆ. ಡೀಸೆಲ್ ಇಂಜಿನ್ನಿಗೆ ಗಾಳಿ ಸಲೀಸಾಗಿ ಬಂದು ಹೋಗುತ್ತದೆ, ಹಾಗಾಗಿ ಇಳಿಜಾರಿನಲ್ಲಿ ಗಾಡಿ ನುಗ್ಗುತ್ತದೆ. ಅದಕ್ಕೇ ಸೈಲೆನ್ಸರ್ ಪೈಪಿನಲ್ಲಿ ಒಂದು ತಟ್ಟೆ ಇಡುತ್ತಾರೆ. ಅದು ಮುಚ್ಚಿಕೊಂಡರೆ ಒಳಗಿನ ಗಾಳಿ ಹೊರಗೆ ಹೋಗಲಾರದೆ ಪಿಸ್ಟನ್ನಿಗೇ ಎದುರು ಒತ್ತುತ್ತದೆ. ಅದೇ ಹೊತ್ತಿಗೆ ಡೀಸೆಲ್ಲೂ ಕಟ್. ಚಕ್ರದ ಬ್ರೇಕಿನ ಲೈನರ್ ಉಳಿಯುತ್ತದೆ, ಡ್ರಮ್ ಕಾಯುವುದಿಲ್ಲ. ಒಳ್ಳೆ ಸಾಮಾನೇ, ನಾನು ಬೈಯುತ್ತಿಲ್ಲ.

ಈಗ ನನ್ನ ತಪ್ಪು. ಇದನ್ನ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾಗಬೇಡಿ.

ಆ ಹಳೇ ಲಾರಿಯಲ್ಲಿ ಎಕ್ಸಾಸ್ಟ್ ಬ್ರೇಕಿನ ಗುಂಡಿ ಇದ್ದದ್ದು ಕೆಳಗೆ, ಕ್ಲಚ್ ಪಕ್ಕದಲ್ಲಿ. ಎಡಗಾಲಲ್ಲಿ ಒತ್ತಬೇಕು. ಹೊರಡುವ ಹಿಂದಿನ ದಿನ ಅದು ಕೆಟ್ಟಿತು. ಹೊಸ ಗುಂಡಿ ಬರೋಕೆ ಎರಡು ದಿನ ಅಂದರು. ನನಗೆ ಕಾಯೋಕೆ ಆಗಲಿಲ್ಲ. "ಡ್ಯಾಶ್ ಮೇಲೆ ಒಂದು ಆನ್-ಆಫ್ ಸ್ವಿಚ್ ಹಾಕಿಬಿಡಣ್ಣ" ಅಂತ ಎಲೆಕ್ಟ್ರಿಷಿಯನ್ನಿಗೆ ನಾನೇ ಹೇಳಿದೆ. ಅರವತ್ತು ರೂಪಾಯಿ ಸ್ವಿಚ್ಚು. ಹತ್ತು ನಿಮಿಷದ ಕೆಲಸ.

ಗುಂಡಿಗೂ ಸ್ವಿಚ್ಚಿಗೂ ಏನು ವ್ಯತ್ಯಾಸ ಅಂತೀರಾ? ಗುಂಡಿ ಒತ್ತುವುದು ಎಡಗಾಲು. ಕ್ಲಚ್ ತುಳಿಯುವುದೂ ಅದೇ ಎಡಗಾಲು. ಕ್ಲಚ್ಚಿಗೆ ಕಾಲು ಹೋಗಬೇಕಾದರೆ ಗುಂಡಿ ಬಿಡಲೇಬೇಕು. ಬಿಟ್ಟ ತಕ್ಷಣ ತಟ್ಟೆ ತೆರೆಯುತ್ತದೆ, ಡೀಸೆಲ್ ಬರುತ್ತದೆ. ಯಾರೋ ಪುಣ್ಯಾತ್ಮ ಯೋಚನೆ ಮಾಡಿಯೇ ಅದನ್ನ ಅಲ್ಲಿ ಇಟ್ಟಿದ್ದ. ಸ್ವಿಚ್ ಹಾಗಲ್ಲ, ಹಾಕಿದರೆ ಹಾಕಿದ ಹಾಗೇ ಇರುತ್ತದೆ. ಗೇರಿನಲ್ಲಿರುವ ತನಕ ಪರವಾಗಿಲ್ಲ, ಡೀಸೆಲ್ ಇಲ್ಲದಿದ್ದರೂ ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ. ಕ್ಲಚ್ ತುಳಿದರೆ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ಕಡಿಯಿತು. ತಟ್ಟೆ ಮುಚ್ಚಿದೆ, ಡೀಸೆಲ್ ಇಲ್ಲ. ಇಂಜಿನ್ ಆಫ್. ಈಗಿನ ಲಾರಿಗಳಲ್ಲಿ ಕ್ಲಚ್ ಒತ್ತಿದರೆ ಎಕ್ಸಾಸ್ಟ್ ಬ್ರೇಕ್ ತಾನೇ ಬಿಡುವ ಹಾಗೆ ಮಾಡಿರುತ್ತಾರೆ. ನನ್ನ ಅರವತ್ತು ರೂಪಾಯಿ ಸ್ವಿಚ್ಚಿಗೆ ಅದೆಲ್ಲ ಎಲ್ಲಿಂದ ಬರಬೇಕು?

ಜೂನ್ ತಿಂಗಳು, ಜಿಟಿಜಿಟಿ ಮಳೆ. ನಾಲ್ಕನೇ ಗೇರಿನಲ್ಲಿ ಇಳಿಯೋಕೆ ಶುರು ಮಾಡಿದೆ. ಅದೂ ತಪ್ಪೇ. ಹತ್ತೋ ಗೇರಲ್ಲೇ ಇಳೀಬೇಕು ಅಂತ ಹಳೇ ಡ್ರೈವರುಗಳು ಸುಮ್ನೆ ಹೇಳಿಲ್ಲ. ಮೇಲಿನ ಗೇರಿನಲ್ಲಿ ಇಂಜಿನ್ ನಿಧಾನ ತಿರುಗುತ್ತದೆ, ಎಕ್ಸಾಸ್ಟ್ ಬ್ರೇಕಿಗೆ ಬಲವೇ ಇರುವುದಿಲ್ಲ. ಟ್ರಾಲಿಗೆ ಬ್ರೇಕಿಲ್ಲ, ಹಿಂದಿನಿಂದ ತಳ್ಳುತ್ತಿದೆ. ಪ್ರತಿ ತಿರುವಿನಲ್ಲೂ ಕನ್ನಡಿಯಲ್ಲಿ ಅದರ ಹಳದಿ ಮೂತಿ ಒಂದಿಷ್ಟು ಜಾಸ್ತಿ ಕಾಣುತ್ತಿದೆ. ಮೂರಕ್ಕೆ ಇಳಿಸೋಣ ಅಂತ ಕ್ಲಚ್ ತುಳಿದೆ.

ಇಂಜಿನ್ ಸದ್ದು ನಿಂತುಹೋಯಿತು. ಕ್ಯಾಬಿನ್ ಮೇಲೆ ಮಳೆ ಬೀಳುವುದು ಕೇಳಿಸಿತು. ಸ್ಟೇರಿಂಗ್ ಕಲ್ಲಾಯಿತು. ಮೂರನೇ ಗೇರ್ ಕರಕರ ಅಂತು, ಬೀಳಲಿಲ್ಲ. ವಾಪಸ್ ನಾಲ್ಕಕ್ಕೆ ಹಾಕೋಣ ಅಂದರೆ ಅದೂ ಇಲ್ಲ. ಬ್ರೇಕ್ ತುಳಿದೆ, ಹಿಡಿಯಿತು. ಬಿಟ್ಟೆ, ಮತ್ತೆ ತುಳಿದೆ. ಒಂದೊಂದು ಸಲಕ್ಕೂ ಏರ್ ಗೇಜಿನ ಮುಳ್ಳು ಕೆಳಕ್ಕೆ. ಲಾರಿ ಬ್ರೇಕ್ ಹಿಡಿಯುವುದೇ ಗಾಳಿಯ ಒತ್ತಡದಿಂದ, ಇಂಜಿನ್ನೇ ನಿಂತಿರುವಾಗ ಏರ್ ತುಂಬಿಸುವವರು ಯಾರು? ಲೈನರ್ ಸುಟ್ಟ ವಾಸನೆ ಒಳಗೆ ಬಂತು. "ಮಾಮ, ಸ್ವಿಚ್ಚು! ಸ್ವಿಚ್ಚು!" ಅಂತ ಹುಡುಗ ಕೂಗಿದ. ಅವನಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಕೈ ಹಾಕುವಷ್ಟರಲ್ಲಿ ತಿರುವು ಬಂತು.

ಬಲಕ್ಕೆ ಕಣಿವೆ, ಎಡಕ್ಕೆ ಗುಡ್ಡ. ಎಡಕ್ಕೆ ಎಳೆದು ಚರಂಡಿಗೆ ಇಳಿಸಿದೆ. ಲಾರಿ ಗುಡ್ಡಕ್ಕೆ ಉಜ್ಜಿಕೊಂಡು ಹೋಗಿ ನಿಂತಿತು. ಟ್ರಾಲಿ ನಿಲ್ಲಲಿಲ್ಲ, ಕೊಕ್ಕೆ ತಿರುಚಿಕೊಂಡು ಅಡ್ಡ ಬಂದು ಮಗುಚಿತು. ಹುಡುಗನ ಹೆಗಲ ಮೂಳೆ ಮುರಿಯಿತು. ಕಂಪ್ರೆಸರ್ ಮಾಲೀಕರಿಗೆ ನಾಲ್ಕೂವರೆ ಲಕ್ಷ ಕಟ್ಟಿದೆ, ಲಾರಿ ಮಾರಿ. ಅಕ್ಕ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಎಕ್ಸಾಸ್ಟ್ ಬ್ರೇಕ್ ಹಾಕಿಸಲಾ ಅಂತ ಕೇಳಿದ್ದೀರಿ, ಟ್ರಾಲಿಗೆ ಬ್ರೇಕ್ ಇದೆಯಾ ಅನ್ನೋದನ್ನ ಎಲ್ಲೂ ಬರೆದಿಲ್ಲ. ಇಲ್ಲ ಅಂತಲೇ ಇಟ್ಟುಕೊಳ್ಳುತ್ತೇನೆ, ನಮ್ಮ ಕಡೆ ಯಾವ ಜನರೇಟರ್ ಟ್ರಾಲಿಗೆ ಇರುತ್ತೆ ಹೇಳಿ. ಎಕ್ಸಾಸ್ಟ್ ಬ್ರೇಕ್ ತಡೆಯುವುದು ಇಂಜಿನ್ನಿನ ಬಲ ಹೋಗುವ ಚಕ್ರವನ್ನ ಮಾತ್ರ. ನಿಮ್ಮ ಪಿಕಪ್ಪಿನಲ್ಲಿ ಅಂದರೆ ಹಿಂದಿನ ಎರಡು ಚಕ್ರ. ಒದ್ದೆ ರಸ್ತೆಯ ತಿರುವಿನಲ್ಲಿ ಆ ಎರಡು ಚಕ್ರ ಹಿಡಿದುಕೊಂಡು ಹಿಂದಿನಿಂದ ಗಾಡಿಯಷ್ಟೇ ತೂಕ ನೂಕಿದರೆ, ಮಡಚುವ ಚಾಕುವಿನ ಹಾಗೆ ಪಿಕಪ್ಪೂ ಟ್ರಾಲಿಯೂ ಮಡಚಿಕೊಳ್ಳುತ್ತವೆ. ಮಳೆಯಲ್ಲಿ ಅದನ್ನ ಹಾಕದಿದ್ದರೇ ವಾಸಿ.

ಅಮೆರಿಕದ ವಿಡಿಯೋ ನೋಡಿ ಕೇಳಿದ್ದೀರಿ ಅನ್ನಿಸುತ್ತೆ. ಅಲ್ಲಿನ ದೊಡ್ಡ ಡೀಸೆಲ್ ಪಿಕಪ್ಪುಗಳಲ್ಲಿ ಅದು ಕಂಪನಿಯಿಂದಲೇ ಬರುತ್ತದೆ, ಟರ್ಬೋ ಒಳಗಿನ ರೆಕ್ಕೆಗಳೇ ಮುಚ್ಚಿಕೊಂಡು ಆ ಕೆಲಸ ಮಾಡುತ್ತವೆ. ಆದರೆ ಅಲ್ಲಿ ಭಾರದ ಟ್ರೇಲರಿಗೂ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ. ಅದು ವಿಡಿಯೋದಲ್ಲಿ ಕಾಣಲ್ಲ, ಅಲ್ವಾ? ಗುಜರಿಯಿಂದ ಲಾರಿಯ ತಟ್ಟೆ ತಂದು ಪಿಕಪ್ಪಿಗೆ ಕೂರಿಸುತ್ತೇನೆ ಅನ್ನೋ ಮೆಕ್ಯಾನಿಕ್ ಸಿಕ್ಕರೆ ಕೈ ಮುಗಿದು ವಾಪಸ್ ಬನ್ನಿ. ನಿಮ್ಮ ಇಂಜಿನ್ನಿನ ವಾಲ್ವ್ ಸ್ಪ್ರಿಂಗ್ ತಡೆಯುವುದಕ್ಕಿಂತ ಜಾಸ್ತಿ ಪ್ರೆಶರ್ ಕಟ್ಟಿಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ. ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಹಿಂದಿನ ಕೆಂಪು ಲೈಟ್ ಹತ್ತುತ್ತದೆ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ಹಿಂದೆ ಬರುವ ಬಸ್ಸಿನವನಿಗೆ ನೀವು ನಿಧಾನ ಮಾಡಿದ್ದು ಹೇಗೆ ಗೊತ್ತಾಗಬೇಕು?

ನನ್ನ ಕೇಳಿದರೆ ಎಳೆದುಕೊಂಡು ಹೋಗಲೇಬೇಡಿ. ಜನರೇಟರನ್ನ ಲಾರಿಯ ಮೇಲೇ ಕೂರಿಸಿ, ಬೆಲ್ಟ್ ಬಿಗಿದು, ಎರಡನೇ ಗೇರಿನಲ್ಲಿ ಇಳಿಸಿ. ಗೇರ್ ಹಾಕುವುದು ಇಳಿಜಾರು ಶುರುವಾಗುವುದಕ್ಕೆ ಮುಂಚೆ. ಮದುವೆ ಯಾವ ತಿಂಗಳು ಅಂತ ನೀವು ಬರೆದಿಲ್ಲ. ಮಳೆಗಾಲ ಆದರೆ ಹುಲಿಕಲ್ ಮಳೆ ಗೊತ್ತಲ್ಲ, ಆಗುಂಬೆಗೇ ಸಡ್ಡು ಹೊಡೆಯುತ್ತೆ. ಆಗ ಲಾರಿಯೂ ಬೇಡ. ಕುಂದಾಪುರದಲ್ಲೇ ಜನರೇಟರ್ ಬಾಡಿಗೆಗೆ ತಗೊಳ್ಳಿ, ಲಾಭ ಸ್ವಲ್ಪ ಕಡಿಮೆ ಬರಲಿ.